ಜೀಪಿನ ಸೈಡ್ ಮಿರರ್ ನಿಲ್ಲುತ್ತಿಲ್ಲವೇ? ಬೋಲ್ಟ್ ತಿರುಗಿಸುವ ಮೊದಲು ಆಟ ಎಲ್ಲಿದೆ ನೋಡಿ

ಪ್ರಶ್ನೆ: ನನ್ನದು 1999ರ ಮಹೀಂದ್ರ ಡೀಸೆಲ್ ಜೀಪು, ಕ್ಯಾನ್ವಾಸ್ ಟಾಪ್. ಎರಡೂ ಕಡೆಯ ಮಿರರ್ ಪೈಪಿನ ಆರ್ಮ್ ಮೇಲಿವೆ. ಆರ್ಮಿನ ಬ್ರಾಕೆಟ್ ವಿಂಡ್‌ಶೀಲ್ಡ್ ಫ್ರೇಮಿನ ಪಕ್ಕಕ್ಕೆ ಎರಡೆರಡು ಸ್ಕ್ರೂಗಳಲ್ಲಿ ಕೂತಿದೆ. ಬಲಗಡೆಯದು ಗಾಡಿ ನಿಂತಿರುವಾಗಲೇ ಗಡಗಡ ನಡುಗುತ್ತದೆ, ಹಿಂದೆ ಬರುತ್ತಿರುವುದು ಬಸ್ಸೋ ಟ್ರ್ಯಾಕ್ಟರೋ ಗೊತ್ತಾಗುವುದಿಲ್ಲ. ಎಡಗಡೆಯದು 60 ದಾಟಿದರೆ ಗಾಳಿಗೆ ತಾನೇ ಹಿಂದಕ್ಕೆ ತಿರುಗಿಕೊಳ್ಳುತ್ತದೆ. ಬಿಗಿ ಮಾಡಿಸಿದರೆ ಒಂದು ವಾರ, ಆಮೇಲೆ ಅದೇ ಕತೆ. ಗ್ಯಾರೇಜಿನವರು ವೆಲ್ಡ್ ಮಾಡಿಬಿಡೋಣ ಅನ್ನುತ್ತಿದ್ದಾರೆ. ಮಾಡಿಸಲೇ?
– ಓದುಗರು, ಪಾಂಡವಪುರ

ಉತ್ತರ: ಬೇಡ. ಸೈಡ್ ಮಿರರ್‌ಗೆ ಏನಾದರೂ ತಗುಲಿದಾಗ ಅದು ಮಡಚಿಕೊಳ್ಳಲೇಬೇಕು. ನಿಮ್ಮ ಕಡೆ ನಾಲೆ ಏರಿಯ ದಾರಿಯಲ್ಲಿ ಎದುರಿಗೆ ಕಬ್ಬಿನ ಲೋಡು ಬಂದರೆ ಗಾಡಿಯನ್ನು ಎಷ್ಟು ಅಂಚಿಗೆ ತರಬೇಕಾಗುತ್ತದೆ ಅನ್ನುವುದು ನಿಮಗೇ ಗೊತ್ತು. ವೆಲ್ಡ್ ಮಾಡಿದ ಆರ್ಮಿಗೆ ಕಬ್ಬಿನ ಜಲ್ಲೆ ಬಡಿದರೆ ಆ ಏಟು ನೇರವಾಗಿ ವಿಂಡ್‌ಶೀಲ್ಡ್ ಫ್ರೇಮಿಗೆ ಹೋಗುತ್ತದೆ; ತಗಡು ಹರಿಯುತ್ತದೆ, ಇಲ್ಲವೇ ಗಾಜು ಬಿರುಕು ಬಿಡುತ್ತದೆ. ದಾರಿಯಲ್ಲಿ ಹೋಗುತ್ತಿರುವವರಿಗೆ ತಗುಲಿದರಂತೂ ಹೇಳುವುದೇ ಬೇಡ.

ನೀವು ಬರೆದಿರುವ ಲಕ್ಷಣ ನೋಡಿದರೆ ಎರಡು ಕಡೆಯದೂ ಬೇರೆ ಬೇರೆ ರೋಗ. ಬಲಗಡೆಯದು ಬುಡದ್ದು, ಅದರ ಜೊತೆಗೆ ಎಂಜಿನ್ ಕಂಪನದ್ದು. ಎಡಗಡೆಯದು ಕೀಲಿನದ್ದು. ಎರಡಕ್ಕೂ ಒಂದೇ ಸ್ಪ್ಯಾನರ್ ಹಾಕಿ ಬಿಗಿದರೆ ವಾರಕ್ಕಿಂತ ಹೆಚ್ಚು ನಿಲ್ಲದಿರುವುದರಲ್ಲಿ ಆಶ್ಚರ್ಯವಿಲ್ಲ.

ಮೊದಲು ಆಟ, ಅಂದರೆ ಸಡಿಲದ ಅಲುಗಾಟ, ಎಲ್ಲಿದೆ ಅನ್ನುವುದನ್ನು ಹಿಡಿಯಿರಿ. ಎಂಜಿನ್ ಆಫ್ ಮಾಡಿ, ಇನ್ನೊಬ್ಬರಿಗೆ ಮಿರರಿನ ಹೊರ ಅಂಚು ಹಿಡಿದು ಮೆಲ್ಲಗೆ ಹಿಂದೆ ಮುಂದೆ, ಮೇಲೆ ಕೆಳಗೆ ಅಲುಗಿಸಲು ಹೇಳಿ. ನೀವು ತೋರುಬೆರಳನ್ನು ಒಂದೊಂದು ಜೋಡಣೆಯ ಮೇಲೆ ಅಡ್ಡಲಾಗಿ ಇಡಿ: ಬೆರಳಿನ ಅರ್ಧ ಒಂದು ಭಾಗದ ಮೇಲೆ, ಇನ್ನರ್ಧ ಪಕ್ಕದ ಭಾಗದ ಮೇಲೆ. ಎರಡು ಭಾಗಗಳ ನಡುವೆ ಕೂದಲೆಳೆಯಷ್ಟು ಚಲನೆ ಇದ್ದರೂ ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ. ಬುಡದಿಂದ ಶುರು ಮಾಡಿ. ಫ್ರೇಮಿನ ತಗಡು ಮತ್ತು ಬ್ರಾಕೆಟ್ ನಡುವೆ, ಬ್ರಾಕೆಟ್ ಮತ್ತು ಆರ್ಮ್ ನಡುವೆ, ಆರ್ಮಿನ ಬೆಂಡ್ ಮತ್ತು ವೆಲ್ಡ್ ಇರುವ ಜಾಗ, ಆರ್ಮ್ ತುದಿಯ ಬಾಲ್ (ಮಿರರಿನ ತಲೆ ತಿರುಗುವ ಗುಂಡು), ಕೊನೆಗೆ ಹೌಸಿಂಗ್ (ಮಿರರಿನ ಹೊರಕವಚ) ಒಳಗಿನ ಗಾಜು. ಈ ಐದು ಜಾಗ ಬಿಟ್ಟರೆ ಬೇರೆ ಎಲ್ಲೂ ಸಡಿಲವಾಗಲು ಸಾಧ್ಯವಿಲ್ಲ. ಬ್ರಾಕೆಟ್ ಅಂಚಿನಲ್ಲೋ ವಾಷರ್ ಸುತ್ತಲೋ ಕೆಂಪುಮಿಶ್ರಿತ ಕಂದು ಪುಡಿ ಕಂಡರೆ ಇನ್ನು ಹುಡುಕುವ ಕೆಲಸವಿಲ್ಲ. ಅದು ಬರೀ ಮಳೆಯ ತುಕ್ಕಲ್ಲ. ಎರಡು ಲೋಹ ಒಂದಕ್ಕೊಂದು ಉಜ್ಜಿ ಉದುರಿದ ಪುಡಿ. ಅಲ್ಲಿ ಬಹಳ ದಿನದಿಂದ ಅಲುಗಾಟ ಇದೆ ಎಂದರ್ಥ.

ಬಲಗಡೆಯ ಬುಡ ಬಿಚ್ಚಿ ನೋಡಿ. ಎರಡರಲ್ಲಿ ಒಂದಾದರೂ ಸೆಲ್ಫ್ ಟ್ಯಾಪಿಂಗ್ ಸ್ಕ್ರೂ (ತಗಡಿನಲ್ಲಿ ತಾನೇ ಥ್ರೆಡ್ ಕೊರೆದುಕೊಂಡು ಹೋಗುವ ಸ್ಕ್ರೂ) ಆಗಿರುತ್ತದೆ. ಮೂಲ ಥ್ರೆಡ್ ಹೋದ ಮೇಲೆ ಯಾರೋ ದಪ್ಪದೊಂದು ಸ್ಕ್ರೂ ತಿರುಗಿಸಿ ಕಳಿಸಿರುತ್ತಾರೆ. ಇದು ಯಾಕೆ ನಿಲ್ಲುವುದಿಲ್ಲ ಅನ್ನುವುದಕ್ಕೆ ಸರಳ ಲೆಕ್ಕ ಸಾಕು. 4.8 ಮಿ.ಮೀ. ಸೆಲ್ಫ್ ಟ್ಯಾಪಿಂಗ್ ಸ್ಕ್ರೂವಿನ ಪಿಚ್ 1.6 ಮಿ.ಮೀ., ಅಂದರೆ ಒಂದು ಥ್ರೆಡ್ಡಿನಿಂದ ಇನ್ನೊಂದಕ್ಕೆ ಇರುವ ದೂರ ಅಷ್ಟು. ಇಂಥ ಕಡೆ ಇರುವ ತಗಡಿನ ದಪ್ಪ 1.2 ಮಿ.ಮೀ. ಆಸುಪಾಸು. ಹಾಗಾದರೆ ಸ್ಕ್ರೂ ಕಚ್ಚಿಕೊಂಡಿರುವುದು ಪೂರ್ತಿ ಒಂದು ಥ್ರೆಡ್ಡೂ ಅಲ್ಲ. ಅದೇ ಎಂ6, ಅಂದರೆ 6 ಮಿ.ಮೀ. ದಪ್ಪದ ಬೋಲ್ಟಿಗೆ ಪಿಚ್ 1 ಮಿ.ಮೀ., ನಟ್ಟಿನ ಎತ್ತರ ಸುಮಾರು 5 ಮಿ.ಮೀ.; ಐದು ಥ್ರೆಡ್ ಹಿಡಿದಿರುತ್ತವೆ. 8.8 ಗ್ರೇಡಿನ (ಗ್ರೇಡ್ ಬೋಲ್ಟಿನ ಗಟ್ಟಿತನದ ಗುರುತು) ಎಂ6 ಬೋಲ್ಟನ್ನು 10 ನ್ಯೂಟನ್ ಮೀಟರ್‌ಗೆ (ತಿರುಗಿಸುವ ಬಲದ ಅಳತೆ) ಬಿಗಿದರೆ ಅದು ಎರಡು ಭಾಗಗಳನ್ನು ಸುಮಾರು 800 ಕೆ.ಜಿ. ಭಾರ ಹೇರಿದಂತೆ ಒತ್ತಿ ಹಿಡಿಯುತ್ತದೆ. ಬ್ರಾಕೆಟ್ ಜಾರದಂತೆ ತಡೆಯುವುದು ಈ ಒತ್ತು. ಒತ್ತು ಇಲ್ಲದ ಕಡೆ ಬ್ರಾಕೆಟ್ ಜಾರುತ್ತದೆ, ಜಾರಿದಾಗಲೆಲ್ಲ ಬೋಲ್ಟ್ ಒಂದಿಷ್ಟು ಬಿಚ್ಚಿಕೊಳ್ಳುತ್ತದೆ. ಬೋಲ್ಟಿಗೆ ಅಡ್ಡಲಾಗಿ ಬರುವ ಕಂಪನವೇ ಅದನ್ನು ಬಿಚ್ಚುವ ಮುಖ್ಯ ಕಾರಣ ಎನ್ನುವುದನ್ನು ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಜುಂಕರ್ 1969ರಲ್ಲೇ ಯಂತ್ರ ಕಟ್ಟಿ ತೋರಿಸಿದರು. ಅಂಥ ಪರೀಕ್ಷೆಯಲ್ಲಿ ನಮ್ಮ ಗ್ಯಾರೇಜುಗಳ ಪರಮ ನಂಬಿಕೆಯ ಸ್ಪ್ರಿಂಗ್ ವಾಷರ್ ಏನೇನೂ ತಡೆಯುವುದಿಲ್ಲ. ಇದ್ದರೆ ಇರಲಿ, ಅದನ್ನು ನಂಬಿ ಕೂರಬೇಡಿ.

ಒತ್ತು ಕಳೆಯುವ ಇನ್ನೊಂದು ವಸ್ತು ಬ್ರಾಕೆಟ್ ಕೆಳಗಿನ ರಬ್ಬರ್. ಲಾರಿ ಟ್ಯೂಬ್ ಕತ್ತರಿಸಿ ಮೂರು ನಾಲ್ಕು ಮಿ.ಮೀ. ದಪ್ಪದ ಪ್ಯಾಡ್ ಇಡುವ ರೂಢಿ ನಮ್ಮಲ್ಲಿದೆ. ‘ಕಂಪನ ಹೀರಿಕೊಳ್ಳಲಿ’ ಅನ್ನುವುದು ಅದರ ಹಿಂದಿನ ಲೆಕ್ಕಾಚಾರ. ಆಗುವುದು ತಿರುಗಾಮುರುಗಾ. ರಬ್ಬರ್ ದಿನದಿಂದ ದಿನಕ್ಕೆ ಚಪ್ಪಟೆಯಾಗುತ್ತದೆ, ಬೋಲ್ಟಿನ ಎಳೆತ ಹೋಗುತ್ತದೆ. ನಿಮ್ಮ ‘ಒಂದು ವಾರ’ಕ್ಕೆ ಇದೇ ಕಾರಣ ಇರಬಹುದು. ರಬ್ಬರ್ ತೆಗೆದು ಹಾಕಿ, ಲೋಹಕ್ಕೆ ಲೋಹ ಕೂರಿಸಿ, ನೀರು ಇಳಿಯದಿರಲು ಅಂಚಿಗೆ ತೆಳ್ಳಗೆ ಪಿಯು (ಪಾಲಿಯುರೆಥೇನ್) ಸೀಲಂಟ್ ಎಳೆಯಿರಿ. ರಬ್ಬರ್ ಬೇಕೇಬೇಕು ಅಂದರೆ 1 ಮಿ.ಮೀ. ಮೀರದ ಹಾಳೆ ಸಾಕು.

ಇನ್ನು ರಂಧ್ರ. ಸ್ಕ್ರೂ ಡ್ರೈವರಿನ ಹಿಡಿಯಿಂದ ರಂಧ್ರದ ಸುತ್ತ ತಟ್ಟಿ ನೋಡಿ. ಗಟ್ಟಿ ತಗಡಾದರೆ ಟಣ್ ಅನ್ನುತ್ತದೆ, ಒಳಗಿಂದ ತುಕ್ಕು ತಿಂದಿದ್ದರೆ ಸದ್ದು ಸತ್ತಿರುತ್ತದೆ. ಅನುಮಾನ ಬಂದರೆ ಚೂಪು ತುದಿಯಿಂದ ಒತ್ತಿ. ತಗ್ಗಿದರೆ ಅದು ಟಿಂಕರಿಂಗ್ ಕೆಲಸ. ಕೊಳೆತ ತಗಡು ಕತ್ತರಿಸಿ ಹೊಸ ತುಂಡು ಕೂರಿಸಬೇಕು. ಅದರ ಮೇಲೆ ಏನು ಬಿಗಿದರೂ ದಂಡ.

ತಗಡು ಗಟ್ಟಿ ಇದೆ, ರಂಧ್ರ ಮಾತ್ರ ಅಗಲವಾಗಿದೆ ಅಂದರೆ ದಾರಿ ಎರಡು. ಹಿಂಬದಿಗೆ ಕೈ ಹೋಗುವ ಜಾಗವಾದರೆ 3 ಮಿ.ಮೀ. ದಪ್ಪದ ಎಂ.ಎಸ್. (ಮೈಲ್ಡ್ ಸ್ಟೀಲ್) ಪಟ್ಟಿಯಿಂದ ಸುಮಾರು 60×40 ಮಿ.ಮೀ. ಪ್ಲೇಟ್ ಕತ್ತರಿಸಿ, ಬ್ರಾಕೆಟ್ಟಿನ ರಂಧ್ರಗಳನ್ನೇ ಗುರುತು ಹಾಕಿ ಕೊರೆದು, ಹಿಂದೆ ಎರಡು ನಟ್ ವೆಲ್ಡ್ ಮಾಡಿಸಿ. ನಟ್ ಕೂರಿಸುವಾಗ ಬೋಲ್ಟ್ ತಿರುಗಿಸಿಟ್ಟೇ ವೆಲ್ಡ್ ಮಾಡಿಸಬೇಕು, ಇಲ್ಲದಿದ್ದರೆ ಬಿಸಿಗೆ ನಟ್ ವಾರೆಯಾಗುತ್ತದೆ. ಇದಕ್ಕಿಂತ ಗಟ್ಟಿ ಇನ್ನೊಂದಿಲ್ಲ. ಫ್ರೇಮಿನ ಪಕ್ಕದಂತೆ ಒಳಗೆ ಪೊಳ್ಳು, ಹಿಂದೆ ಕೈ ಹೋಗದು ಅನ್ನುವ ಕಡೆ ರಿವ್‌ನಟ್ ಹಾಕಬೇಕು. ತಗಡಿನ ರಂಧ್ರದೊಳಗೆ ಕೂತು, ಹಿಂಬದಿಯಲ್ಲಿ ಉಬ್ಬಿ ಕಚ್ಚಿಕೊಳ್ಳುವ ನಟ್ ಅದು. ಎಂ6ಕ್ಕೆ ಸಾಮಾನ್ಯವಾಗಿ 9 ಮಿ.ಮೀ., ಎಂ8ಕ್ಕೆ 11 ಮಿ.ಮೀ. ರಂಧ್ರ. ಸ್ಟೀಲಿನದನ್ನೇ ಕೇಳಿ, ಮೈಮೇಲೆ ಗೀರುಗಳಿರಲಿ, ಅಲ್ಯೂಮಿನಿಯಂ ಬೇಡ. ಈಗಿನ ರಂಧ್ರ ಎಳೆದು 8 ಮಿ.ಮೀ. ಮೊಟ್ಟೆಯಾಕಾರಕ್ಕೆ ಬಂದಿದ್ದರೆ 9ಕ್ಕೆ ಕೊರೆದು ಎಂ6 ರಿವ್‌ನಟ್ ಹಾಕಬಹುದು. 9 ಆಗಲೇ ದಾಟಿದ್ದರೆ 11 ಮಾಡಿ ಎಂ8ಕ್ಕೆ ಹೋಗಿ. ಇಲ್ಲಿ ಅರ್ಧ ಮಿ.ಮೀ. ಹೆಚ್ಚು ಕೊರೆದರೂ ರಿವ್‌ನಟ್ ಜಾಗದಲ್ಲೇ ಸುತ್ತತೊಡಗುತ್ತದೆ. ಆಮೇಲೆ ಅದನ್ನು ತೆಗೆಯುವುದೇ ಒಂದು ತಲೆನೋವು.

ಡ್ರಿಲ್ ಮಾಡುವಾಗ ಬಿಟ್ಟಿನ ತುದಿಯಿಂದ 10 ಮಿ.ಮೀ. ಬಿಟ್ಟು ಇನ್ಸುಲೇಶನ್ ಟೇಪ್ ಸುತ್ತಿ. ಟೇಪ್ ತಗಡಿಗೆ ತಾಗಿದ ಕೂಡಲೇ ನಿಲ್ಲಿಸಿ. ಫ್ರೇಮಿನ ಆಚೆ ಬದಿ ಗಾಜಿನ ಅಂಚಿದೆ. 3 ಮಿ.ಮೀ. ಬಿಟ್‌ನಿಂದ ಶುರು ಮಾಡಿ ಹಂತ ಹಂತವಾಗಿ ದೊಡ್ಡದು ಮಾಡಿ, ಕೊನೆಯ ಅರ್ಧ ಮಿ.ಮೀ. ಅನ್ನು ದುಂಡು ಅರದಿಂದ ಉಜ್ಜಿ ಅಳತೆಗೆ ತನ್ನಿ. ಬರಿಗಬ್ಬಿಣ ಕಂಡ ಅಂಚಿಗೆಲ್ಲ ಪ್ರೈಮರ್ ಹಚ್ಚಿ, ಒಣಗಿದ ಮೇಲೆಯೇ ಮುಂದಿನ ಕೆಲಸ.

ರಿವ್‌ನಟ್ ಎಳೆಯುವ ಗನ್ ಇಲ್ಲದಿದ್ದರೂ ಒಂದೆರಡಕ್ಕೆ ತೊಂದರೆ ಇಲ್ಲ. 8.8 ಗ್ರೇಡಿನ ಉದ್ದ ಬೋಲ್ಟಿಗೆ ಒಂದು ನಟ್ಟನ್ನು ತಲೆಯವರೆಗೂ ಏರಿಸಿ, ಅದರ ಕೆಳಗೆ ಗ್ರೀಸ್ ಹಚ್ಚಿದ ದಪ್ಪ ವಾಷರ್ ಹಾಕಿ, ತುದಿಯನ್ನು ರಿವ್‌ನಟ್ಟಿಗೆ ಪೂರ್ತಿ ತಿರುಗಿಸಿ. ಈಗ ಬೋಲ್ಟಿನ ತಲೆಯನ್ನು ಒಂದು ಸ್ಪ್ಯಾನರಿನಲ್ಲಿ ಅಲುಗದಂತೆ ಹಿಡಿದು, ಇನ್ನೊಂದು ಸ್ಪ್ಯಾನರಿನಿಂದ ನಟ್ಟನ್ನು ವಾಷರಿನ ಮೇಲೆ ಇಳಿಸುತ್ತಾ ಬನ್ನಿ. ಬೋಲ್ಟ್ ಹೊರಕ್ಕೆ ಎಳೆಯಲ್ಪಟ್ಟು ರಿವ್‌ನಟ್ ಹಿಂದೆ ಉಬ್ಬುತ್ತದೆ. ಮೊದಲು ಸಲೀಸಾಗಿ ಬರುತ್ತದೆ, ಆಮೇಲೆ ಒಮ್ಮೆಲೇ ಬಿಗಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಹೆಚ್ಚಿನವರು ಕೆಡಿಸುವುದು ನಟ್ ಹಿಡಿದು ಬೋಲ್ಟ್ ತಿರುಗಿಸಿ. ಹಾಗೆ ಮಾಡಿದರೆ ಅದರ ಜೊತೆ ರಿವ್‌ನಟ್ಟೂ ಸುತ್ತುತ್ತದೆ.

ಹಳೆಯ ಜೀಪಿನವರು ಮರೆಯುವ ಒಂದು ವಿಷಯ. ಮಹೀಂದ್ರ ಜೀಪುಗಳ ಮೂಲ ಅಮೆರಿಕದ ವಿಲ್ಲಿಸ್ ವಿನ್ಯಾಸ, ಆದ್ದರಿಂದ ಬಾಡಿಯಲ್ಲಿ ಕೆಲವು ಕಡೆ ಇಂಚಿನ ಥ್ರೆಡ್ ಇನ್ನೂ ಸಿಗುತ್ತದೆ. ಕಾಲು ಇಂಚಿನ ಬೋಲ್ಟ್ ದಪ್ಪ 6.35 ಮಿ.ಮೀ., ಎಂ6 ಬರೀ 6. ಕಾಲು ಇಂಚಿನ ನಟ್ಟಿಗೆ ಎಂ6 ಬೋಲ್ಟ್ ಹಾಕಿದರೆ ಕೈಯಲ್ಲೇ ಹಗುರವಾಗಿ ಒಳಗೆ ಹೋಗುತ್ತದೆ, ಸ್ವಲ್ಪ ದೂರ ಹೋಗಿ ಹಿಡಿದುಕೊಳ್ಳುತ್ತದೆ. ‘ಟೈಟಾಯ್ತು’ ಅಂದುಕೊಂಡು ಬಿಡುತ್ತಾರೆ. ನಿಜಕ್ಕೂ ಅದು ಥ್ರೆಡ್ಡಿಗೆ ಥ್ರೆಡ್ ಸಿಕ್ಕಿಹಾಕಿಕೊಂಡಿರುವುದು, ಬ್ರಾಕೆಟ್ ಮೇಲೆ ಒತ್ತು ಬಿದ್ದೇ ಇಲ್ಲ. 5/16 ಇಂಚು ಮತ್ತು ಎಂ8ಕ್ಕೆ ದಪ್ಪ ಹೆಚ್ಚುಕಡಿಮೆ ಒಂದೇ, 7.94 ಮತ್ತು 8. ಇವು ಒಂದೆರಡು ಸುತ್ತಿಗೇ ಜಾಮ್ ಆಗುತ್ತವೆ. ಹಳೆಯ ಬೋಲ್ಟ್ ಒಂದನ್ನು ಜೇಬಿಗೆ ಹಾಕಿಕೊಂಡು ಹೋಗಿ ಮೈಸೂರಿನಲ್ಲೋ ಮಂಡ್ಯದಲ್ಲೋ ನಟ್ ಬೋಲ್ಟ್ ಅಂಗಡಿಯಲ್ಲಿ ಥ್ರೆಡ್ ಗೇಜ್ ಇಟ್ಟು ನೋಡಿಸಿ. ಬರೀ ದಪ್ಪ ನೋಡಿ ತರಬೇಡಿ.

ಬೋಲ್ಟ್ ತುಕ್ಕು ಹಿಡಿದು ಬರದಿದ್ದರೆ ಹಿಂದಿನ ರಾತ್ರಿಯೇ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು, ಬೆಳಿಗ್ಗೆ ಬಿಗಿಯುವ ಕಡೆಗೆ ಒಂದಿಷ್ಟು, ಬಿಚ್ಚುವ ಕಡೆಗೆ ಒಂದಿಷ್ಟು ಆಡಿಸುತ್ತಾ ತೆಗೆಯಿರಿ. ಗಾಜಿನ ಬೀಡಿಂಗ್ ಪಕ್ಕದಲ್ಲಿ ಗ್ಯಾಸ್ ಬೆಂಕಿ ಹಿಡಿಯಬೇಡಿ. ಮುರಿದೇ ಹೋದರೆ ನಡುವಿಗೆ ಸೆಂಟರ್ ಪಂಚ್ ಹೊಡೆದು ಕೊರೆಯಿರಿ: ಎಂ6 ಟ್ಯಾಪ್ ಹೊಡೆಯಲು (ಹೊಸದಾಗಿ ಥ್ರೆಡ್ ಕೊರೆಯಲು) 5 ಮಿ.ಮೀ., ಎಂ8ಕ್ಕೆ 6.8 ಮಿ.ಮೀ. ಬಿಟ್.

ಬಿಗಿ ಎಷ್ಟಿರಬೇಕು? ಪ್ಲೇಟಿಗೆ ಕೂತ ಎಂ6ಕ್ಕೆ 9ರಿಂದ 10 ನ್ಯೂಟನ್ ಮೀಟರ್, ಎಂ8ಕ್ಕೆ 22ರಿಂದ 25. ಎಂ6 ರಿವ್‌ನಟ್ ಆದರೆ 8ಕ್ಕೆ ನಿಲ್ಲಿಸಿ. ಟಾರ್ಕ್ ರೆಂಚ್ ಇಲ್ಲದವರಿಗೆ ಅಂದಾಜು: ಸ್ಪ್ಯಾನರನ್ನು ಬೋಲ್ಟಿನಿಂದ 10 ಸೆಂ.ಮೀ. ದೂರದಲ್ಲಿ ಹಿಡಿದು ಸುಮಾರು 10 ಕೆ.ಜಿ. ಬಲ ಹಾಕಿದರೆ 10 ನ್ಯೂಟನ್ ಮೀಟರ್. ಉದ್ದ ಸ್ಪ್ಯಾನರಿನ ತುದಿ ಹಿಡಿದು ಮೈಭಾರ ಬಿಟ್ಟರೆ ಎಂ6 ಬೋಲ್ಟ್ ತಲೆ ಕೈಗೇ ಬರುತ್ತದೆ. ಹಿಂದೆ ನಟ್ ಹಾಕುವ ಕಡೆ ಒಳಗೆ ನೈಲಾನ್ ಬಳೆ ಇರುವ ನೈಲಾಕ್ ನಟ್ ಬಳಸಿ, ಬಿಚ್ಚಿದಾಗ ಹೊಸದು ಹಾಕಿ. ಬೆರಳಿನಲ್ಲೇ ತುದಿಯವರೆಗೂ ತಿರುಗುವ ನೈಲಾಕ್ ಕೆಲಸ ಮುಗಿಸಿದ ನೈಲಾಕ್. ರಿವ್‌ನಟ್ಟಿಗೂ ವೆಲ್ಡ್ ನಟ್ಟಿಗೂ ಲಾಕ್‌ಟೈಟ್ 243ರಂಥ ನೀಲಿ ಥ್ರೆಡ್‌ಲಾಕರ್ (ಥ್ರೆಡ್ ಬಿಚ್ಚಿಕೊಳ್ಳದಂತೆ ಹಿಡಿಯುವ ಅಂಟು) ಒಂದು ಹನಿ ಸಾಕು. ಥ್ರೆಡ್ಡಿನ ಎಣ್ಣೆ ಒರೆಸಿ ಹಾಕಿ, ಒಂದು ದಿನ ಗಾಡಿ ನಿಲ್ಲಿಸಿಬಿಡಿ. ಕೆಂಪು ಹಾಕಬೇಡಿ, ಮುಂದೆ ಬಿಚ್ಚಲು ಕಷ್ಟ. ಈ ದ್ರವ ಮಿರರಿನ ಪ್ಲಾಸ್ಟಿಕ್ ಹೌಸಿಂಗಿಗೆ ತಾಗಬಾರದು, ಕೆಲವು ಪ್ಲಾಸ್ಟಿಕ್ ಸಣ್ಣ ಸಣ್ಣ ಬಿರುಕು ಬಿಡುತ್ತವೆ.

ಬುಡ ಇಷ್ಟು ಗಟ್ಟಿಯಾದ ಮೇಲೂ ಬಲಗಡೆಯದು ನಿಂತಲ್ಲೇ ನಡುಗಿದರೆ? ಆಗ ಅದು ಸಡಿಲವಲ್ಲ, ಅನುರಣನ. ನಾಲ್ಕು ಸಿಲಿಂಡರ್ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಉರಿಯುತ್ತದೆ. ಐಡ್ಲಿಂಗ್ ನಿಮಿಷಕ್ಕೆ 750 ಸುತ್ತಿನಲ್ಲಿದ್ದರೆ ಸೆಕೆಂಡಿಗೆ 25 ಏಟು. ಆರ್ಮ್ ಮತ್ತು ಮಿರರ್ ಸೇರಿದ ಕೋಲಿಗೂ ತನ್ನದೇ ಆದ ಒಂದು ತೂಗುವ ವೇಗ ಇರುತ್ತದೆ. ಅದು 25ರ ಹತ್ತಿರ ಬಂದರೆ ಎಂಜಿನ್ನಿನ ಪ್ರತಿ ಏಟಿಗೂ ಕುಣಿಯುತ್ತದೆ, ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ. ಪರೀಕ್ಷೆ ಸುಲಭ: ಆಕ್ಸಿಲರೇಟರ್ ಸ್ವಲ್ಪವೇ ಒತ್ತಿ. 1,000 ಸುತ್ತಿಗೆ ಏಟು 33 ಆಗುತ್ತದೆ. ಆಗ ಕನ್ನಡಿ ತಿಳಿಯಾದರೆ ಅನುರಣನವೇ. ಸಡಿಲವಾಗಿದ್ದರೆ ವೇಗ ಹೆಚ್ಚಿದಷ್ಟೂ ಕೆಡುತ್ತಾ ಹೋಗುತ್ತಿತ್ತು. ಹೌಸಿಂಗಿನ ಹಿಂದೆ 200 ಗ್ರಾಂ ನಟ್‌ಗಳನ್ನು ಚೀಲದಲ್ಲಿ ಕಟ್ಟಿ ನೋಡಿದರೂ ತಿಳಿಯುತ್ತದೆ. ನಡುಗುವ ವೇಗವೇ ಬದಲಾಗುತ್ತದೆ. ಆ ಭಾರವನ್ನು ಅಲ್ಲೇ ಬಿಡಬೇಡಿ, ಬುಡಕ್ಕೆ ಹೊರೆ.

ಬುಡ ಸರಿಮಾಡುವ ಮೊದಲು ಈ ಪರೀಕ್ಷೆ ಮಾಡಬಾರದು. ಸಡಿಲ ಬುಡವೂ ಆರ್ಮಿನ ಗಡಸು ಕಡಿಮೆ ಮಾಡಿ ಅದರ ತೂಗುವ ವೇಗವನ್ನು ಕೆಳಗೆ, ಐಡ್ಲಿಂಗಿನ ಕಡೆಗೆ ಎಳೆಯುತ್ತದೆ. ಎಷ್ಟೋ ಗಾಡಿಗಳಲ್ಲಿ ಬುಡ ಬಿಗಿಯಾದ ಕೂಡಲೇ ನಡುಕವೂ ಹೋಗುತ್ತದೆ.

ಉಳಿದರೆ ಆರ್ಮಿನ ಉದ್ದ ನೋಡಿ. ಕೋಲಿನ ಗಡಸು ಉದ್ದದ ಘನಕ್ಕೆ ತಕ್ಕಂತೆ ಇಳಿಯುತ್ತದೆ. 25 ಸೆಂ.ಮೀ. ಆರ್ಮನ್ನು 20ಕ್ಕೆ ಇಳಿಸಿದರೆ ಗಡಸು ಸುಮಾರು ಎರಡರಷ್ಟಾಗುತ್ತದೆ, ತೂಗುವ ವೇಗ 1.4 ಪಟ್ಟು ಏರುತ್ತದೆ. 25ರಲ್ಲಿ ಕುಣಿಯುತ್ತಿದ್ದದ್ದು 35ಕ್ಕೆ ಹೋಯಿತು; ಐಡ್ಲಿಂಗಿನಲ್ಲಿ ಕಾಟ ತಪ್ಪಿತು. ಕತ್ತರಿಸುವ ಮೊದಲು ಸೀಟಿನಲ್ಲಿ ಕೂತು, ಕ್ಯಾನ್ವಾಸ್ ಸೈಡ್ ಕರ್ಟನ್ ಹಾಕಿ, 5 ಸೆಂ.ಮೀ. ಒಳಗೆ ಬಂದ ಕನ್ನಡಿ ಇನ್ನೂ ಕಾಣುತ್ತದೆಯೇ ನೋಡಿಕೊಳ್ಳಿ. ಕಾಣದಿದ್ದರೆ ಉದ್ದ ಹಾಗೇ ಇರಲಿ. ಆರ್ಮಿನ ನಡುವಿನಿಂದ ಬ್ರಾಕೆಟ್ಟಿನ ಕೆಳತುದಿಗೆ 8 ಮಿ.ಮೀ. ರಾಡಿನ ಓರೆ ಆಸರೆ ಕೊಡಿಸಿ. ಆಸರೆಯ ಕೆಳತುದಿ ಬ್ರಾಕೆಟ್ಟಿನ ಮಡಚುವ ಭಾಗಕ್ಕೇ ಸೇರಿರಬೇಕು. ಫ್ರೇಮಿಗೆ ಸೇರಿಸಿದರೆ ಮಡಚುವುದಿಲ್ಲ, ಮತ್ತೆ ವೆಲ್ಡ್ ಮಾಡಿದಂತೆಯೇ.

ಎಂಜಿನ್ ಮೌಂಟಿಂಗ್ ರಬ್ಬರ್ ಕಡೆಗೂ ಒಂದು ನೋಟ ಹರಿಸಿ. ಡೀಸೆಲ್, ಆಯಿಲ್ ನೆನೆದು ಮೆತ್ತಗಾಗಿದ್ದರೆ ಅಥವಾ ಲೋಹದಿಂದ ಬಿಟ್ಟುಕೊಂಡಿದ್ದರೆ ಎಂಜಿನ್ನಿನ ನಡುಕ ಬಾಡಿಗೆ ಇಳಿಯುತ್ತದೆ. ಐಡ್ಲಿಂಗ್ ತೀರಾ ಇಳಿಸಿದ್ದರೂ ಹಾಗೆಯೇ. ಇಡೀ ಗಾಡಿಯೇ ನಿಧಾನವಾಗಿ ಓಲಾಡುತ್ತಿದ್ದರೆ ಯಾವುದೋ ಒಂದು ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ, ಇಂಜೆಕ್ಟರ್ ನೋಡಿಸಿ. ಕನ್ನಡಿಯನ್ನು ಬಯ್ಯುವುದರಲ್ಲಿ ಅರ್ಥವಿಲ್ಲ.

ಈಗ ಎಡಗಡೆ. 60 ದಾಟಿದಾಗ ತಿರುಗುವುದು ಇಡೀ ಆರ್ಮೋ, ಬರೀ ತಲೆಯೋ? ಆರ್ಮ್ ಮತ್ತು ಬ್ರಾಕೆಟ್ ಕೂಡುವ ಕಡೆ, ಬಾಲ್ ಮತ್ತು ಹೌಸಿಂಗ್ ಕೂಡುವ ಕಡೆ ಎರಡಕ್ಕೂ ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆದು ಓಡಿಸಿ ಬನ್ನಿ. ಯಾವ ಗೆರೆ ತಪ್ಪಿದೆಯೋ ಅಲ್ಲಿ ಕೆಲಸ. ಗಾಳಿಯ ಬಲ ಜನ ಅಂದುಕೊಂಡಷ್ಟು ದೊಡ್ಡದಲ್ಲ. 15×20 ಸೆಂ.ಮೀ. ಮಿರರಿನ ಮೇಲೆ 80 ಕಿ.ಮೀ. ವೇಗದಲ್ಲಿ ಬೀಳುವುದು ಸುಮಾರು ಒಂದು ಕೆ.ಜಿ. ಅಷ್ಟಕ್ಕೇ ತಿರುಗುತ್ತದೆ ಅಂದರೆ ಕೀಲಿನಲ್ಲಿ ಹಿಡಿತವೇ ಉಳಿದಿಲ್ಲ.

ಆರ್ಮಿನ ಕೀಲಾದರೆ ಬೋಲ್ಟ್ ಬಿಚ್ಚಿ ಎರಡೂ ಮುಖದ ಗ್ರೀಸ್, ಪೇಂಟ್, ತುಕ್ಕು ತೆಗೆಯಿರಿ. ಕಿರಕಿರ ಅನ್ನುತ್ತದೆ ಅಂತ ಇಲ್ಲಿಗೆ ಡಬ್ಲ್ಯುಡಿ-40 ಎಣ್ಣೆ ಸ್ಪ್ರೇ ಹೊಡೆಯುವವರಿದ್ದಾರೆ. ಆ ಕೀಲು ನಿಂತಿರುವುದೇ ಉಜ್ಜುವಿಕೆಯ ಬಲದ ಮೇಲೆ. ಒಣಗಿದ ಮುಖಗಳ ನಡುವೆ ಫೈಬರ್ ವಾಷರ್, ನಟ್ಟಿನ ಕೆಳಗೆ ಬಟ್ಟಲಿನಂತೆ ಬಾಗಿದ ಎರಡು ಡಿಸ್ಕ್ ಸ್ಪ್ರಿಂಗ್ ವಾಷರ್ ಎದುರುಬದುರು, ಮೇಲೆ ನೈಲಾಕ್. ಎಂ8 ಬೋಲ್ಟಿಗೆ ಒಳವ್ಯಾಸ 8.2, ಹೊರವ್ಯಾಸ 16 ಮಿ.ಮೀ. ಡಿಸ್ಕ್ ಸಿಗುತ್ತದೆ. ಮುಖಗಳು ಸವೆದಂತೆ ಡಿಸ್ಕ್ ಒತ್ತು ಕೊಡುತ್ತಲೇ ಇರುತ್ತದೆ. ಮಡಚಿ ಬಿಚ್ಚುವಾಗ ನಟ್ ತಿರುಗದಂತೆ ನೈಲಾಕ್ ತಡೆಯುತ್ತದೆ. ನೈಲಾಕ್ ಸಿಗದಿದ್ದರೆ ಎರಡು ನಟ್ ಹಾಕಿ ಒಂದಕ್ಕೊಂದು ಬಿಗಿದು ಲಾಕ್ ಮಾಡಬಹುದು. ತೆಳ್ಳನೆಯದು ಕೆಳಗೆ, ದಪ್ಪನೆಯದು ಮೇಲೆ. ಹೆಚ್ಚಿನ ಕಡೆ ಇದು ಉಲ್ಟಾ ಇರುತ್ತದೆ.

ತಲೆಯ ಬಾಲ್ ಆದರೆ ಅದನ್ನು ಹಿಡಿದಿರುವ ಕ್ಲ್ಯಾಂಪಿನ ಎರಡು ಹೋಳುಗಳ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಹೊಸದರಲ್ಲಿ ಹೋಳುಗಳ ನಡುವೆ ಸಣ್ಣದೊಂದು ಸಂದು ಇರುತ್ತದೆ. ಬಾಲ್ ಸವೆದಂತೆ ಸಂದು ಮುಚ್ಚಿ, ಹೋಳುಗಳು ಒಂದಕ್ಕೊಂದು ತಾಗಿ ಅಂಚು ಹೊಳೆಯುತ್ತಿರುತ್ತದೆ. ಆ ಹೊಳಪು ಕಂಡಿತೋ, ಸ್ಕ್ರೂ ಎಷ್ಟು ತಿರುಗಿಸಿದರೂ ಹೋಳು ಹೋಳನ್ನು ಒತ್ತುತ್ತದೆ, ಬಾಲನ್ನು ಮುಟ್ಟುವುದಿಲ್ಲ. ಕ್ಲ್ಯಾಂಪ್ ಬಿಚ್ಚಿ, ಎರಡೂ ಅಂಚಿನಿಂದ ಅರ್ಧರ್ಧ ಮಿ.ಮೀ. ಅನ್ನು ಚಪ್ಪಟೆ ಅರದಿಂದ ಉಜ್ಜಿ ತೆಗೆಯಿರಿ. ಗಾಜಿನ ಮೇಲೆ ಎಮರಿ ಹಾಳೆ ಇಟ್ಟು ತೀಡಿದರೆ ಅಂಚು ಸಮನಾಗಿ ಬರುತ್ತದೆ. ಒಂದು ರೂಪಾಯಿ ಖರ್ಚಿಲ್ಲದ ಈ ಕೆಲಸಕ್ಕೆ ಬದಲು ಹೊಸ ಮಿರರ್ ಕೊಂಡವರು ಎಷ್ಟೋ ಮಂದಿ. ಬಾಲ್ ತುಕ್ಕಿನಿಂದ ಗುಳಿ ಬಿದ್ದಿದ್ದರೆ ಬಟ್ಟೆಯ ಬೆನ್ನಿರುವ 220 ನಂಬರ್ ಎಮರಿಯ ಪಟ್ಟಿಯನ್ನು ಒರಟು ಮುಖ ಬಾಲಿನ ಕಡೆ ಮಾಡಿ ಒಳಗಿಡಿ. ಸೈಕಲ್ ಟ್ಯೂಬಿನ ತುಂಡೂ ನಡೆಯುತ್ತದೆ, ಆದರೆ ಬಿಸಿಲಿಗೆ ಅದು ಬೇಗ ಒಣಗುತ್ತದೆ. ಪ್ಲಾಸ್ಟಿಕ್ ಕಪ್ ಸೀಳಿದ್ದರೆ ಮಾತ್ರ ತಲೆ ಬದಲಾಯಿಸಿ. ಅಂಗಡಿಗೆ ಹೋಗುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ, ಬಾಲಿನ ಅಳತೆಯೂ ರಾಡಿನ ದಪ್ಪವೂ ಒಂದರಂತೆ ಒಂದಿರುವುದಿಲ್ಲ.

ಎಷ್ಟು ಬಿಗಿಯಾಗಬೇಕು ಅನ್ನುವುದಕ್ಕೆ ಸ್ಪ್ರಿಂಗ್ ತಕ್ಕಡಿ ಹೊರ ಅಂಚಿಗೆ ಸಿಕ್ಕಿಸಿ ಎಳೆಯಿರಿ. 4–5 ಕೆ.ಜಿ.ಗೆ ತಿರುಗಿದರೆ ಸರಿ: ಗಾಳಿಗೂ ರಸ್ತೆಯ ಉಬ್ಬಿಗೂ ಅಲ್ಲಾಡುವುದಿಲ್ಲ, ಕಬ್ಬಿನ ಜಲ್ಲೆ ಬಡಿದರೆ ಮಡಚಿಕೊಳ್ಳುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಆರ್ಮಿನ ಪೈಪ್ ಬಗ್ಗಿದ ಕಡೆ ಅಥವಾ ತುದಿ ಚಪ್ಪಟೆ ಮಾಡಿ ರಂಧ್ರ ಹಾಕಿದ ಕಡೆ ಕೂದಲಿನಂಥ ತುಕ್ಕಿನ ಗೆರೆ ಕಂಡರೆ ಅದು ಬಿರುಕು. ಅಲ್ಲಿ ವೆಲ್ಡಿಂಗ್ ಬೇಕು, ಆದರೆ ಬಿರುಕಿನ ಮೇಲೆ ಬರೀ ಗೆರೆ ಎಳೆದರೆ ಪಕ್ಕದಲ್ಲೇ ಮತ್ತೆ ಬಿಡುತ್ತದೆ. ಬಿರುಕನ್ನು ಉಜ್ಜಿ ತೆರೆದು ತುಂಬಿಸಿ, ಮೇಲೊಂದು ಸಣ್ಣ ತ್ರಿಕೋನ ಪಟ್ಟಿ ಸೇರಿಸಲು ಹೇಳಿ. ಸಾಧ್ಯವಿದ್ದರೆ ಆರ್ಮ್ ಬಿಚ್ಚಿಕೊಟ್ಟು ಮಾಡಿಸಿ. ಗಾಡಿಯ ಮೇಲೇ ಮಾಡಬೇಕಾದರೆ ಬ್ಯಾಟರಿಯ ನೆಗೆಟಿವ್ ಕೇಬಲ್ ಕಳಚಿ, ಅರ್ತ್ ಕ್ಲ್ಯಾಂಪನ್ನು ಆರ್ಮಿಗೇ ಹಾಕಿಸಿ, ಗಾಜಿನ ಮೇಲೆ ಒದ್ದೆ ಗೋಣಿಚೀಲ ಹಾಸಿ. ವೆಲ್ಡಿಂಗ್ ಕಿಡಿ ಗಾಜಿಗೆ ಅಂಟಿದರೆ ಬಿಡುವ ಚುಕ್ಕೆ ಎಂದಿಗೂ ಹೋಗುವುದಿಲ್ಲ.

ಗಾಜು ಹೌಸಿಂಗಿನೊಳಗೆ ಟಕಟಕ ಅನ್ನುತ್ತಿದ್ದರೆ ನ್ಯೂಟ್ರಲ್ ಸಿಲಿಕೋನ್ ಹಾಕಿ ಒಂದು ದಿನ ಬಿಡಿ. ಹುಳಿ ವಾಸನೆಯ, ವಿನೆಗರಿನಂಥ ಸಿಲಿಕೋನ್ ಬೇಡವೇ ಬೇಡ. ಅದರ ಆಮ್ಲ ಕನ್ನಡಿಯ ಹಿಂಬದಿಯ ಲೇಪವನ್ನು ತಿಂದು ಕಪ್ಪು ಕಲೆ ಮಾಡುತ್ತದೆ.

ಬಾಗಿಲಿಗೇ ಮಿರರ್ ಕೂತ ಗಾಡಿ ಇಟ್ಟುಕೊಂಡವರು ಇದನ್ನು ಓದುತ್ತಿದ್ದರೆ ಮೊದಲು ಬಾಗಿಲು ಅರ್ಧ ತೆಗೆದು ತುದಿ ಹಿಡಿದು ಮೇಲಕ್ಕೆತ್ತಿ. ಹಿಂಜ್ ಪಿನ್ನಿನಲ್ಲಿ ಆಟ ಇದ್ದರೆ ಮಿರರಿನ ಸ್ಕ್ರೂ ಬಿಗಿದು ಉಪಯೋಗವಿಲ್ಲ, ಅಲುಗುತ್ತಿರುವುದು ಬಾಗಿಲೇ.

ಎಲ್ಲಾ ಕೂರಿಸಿದ ಮೇಲೆ ನಿಮ್ಮ ಎಂದಿನ ಭಂಗಿಯಲ್ಲಿ ಕೂತು, ಗಾಡಿಯ ಪಕ್ಕ ಒಂದು ಸಣ್ಣ ಎಳೆ ಮಾತ್ರ ಕಾಣುವಂತೆ, ದೂರದ ರಸ್ತೆಯ ಅಂಚು ನಡುವಿಗೆ ಬರುವಂತೆ ಹೊಂದಿಸಿ. ಬೋಲ್ಟಿನ ತಲೆಯಿಂದ ಬ್ರಾಕೆಟ್ಟಿಗೆ ಉಗುರುಬಣ್ಣದಲ್ಲಿ ಒಂದು ಗೆರೆ ಎಳೆದಿಡಿ. ಹೊಸ ಜೋಡಣೆಯಲ್ಲಿ ಪೇಂಟ್, ಪ್ರೈಮರ್ ಸ್ವಲ್ಪ ಅದುಮಿಕೊಂಡು ಬಿಗಿ ಇಳಿಯುತ್ತದೆ, ಅದಕ್ಕೆ 100 ಕಿ.ಮೀ. ಓಡಿಸಿದ ಮೇಲೆ ಮತ್ತೊಮ್ಮೆ ಸ್ಪ್ಯಾನರ್ ಇಟ್ಟು ನೋಡಿ. ಥ್ರೆಡ್‌ಲಾಕರ್ ಹಾಕಿದ ಬೋಲ್ಟನ್ನು ತಿರುಗಿಸಬೇಡಿ, ಹಿಡಿತ ಒಡೆಯುತ್ತದೆ. ಗೆರೆ ಮಾತ್ರ ನೋಡಿ. ಗೆರೆ ತುಂಡಾಗಿದ್ದರೆ ಬೋಲ್ಟ್ ತಿರುಗಿದೆ, ಬಿಚ್ಚಿ ಹೊಸದಾಗಿ ಮಾಡಬೇಕು. ಗೆರೆ ಹಾಗೇ ಇದ್ದೂ ಬ್ರಾಕೆಟ್ ಅಲುಗಿದರೆ ತಗಡು ಒಳಗೆ ಕುಸಿಯುತ್ತಿದೆ. ಫ್ರೇಮಿಗೆ ಬಿಗಿದ ರಿವ್‌ನಟ್ಟೇ ಹಾಗಾಗಿದ್ದರೆ, ಬ್ರಾಕೆಟ್ಟಿಗಿಂತ ಎಲ್ಲಾ ಕಡೆ 15–20 ಮಿ.ಮೀ. ಅಗಲವಾದ 3 ಮಿ.ಮೀ. ಪ್ಲೇಟನ್ನು ಹೊರಗಿನಿಂದ ಸೇರಿಸಿ, ಇನ್ನೆರಡು ರಿವ್‌ನಟ್ ಹೆಚ್ಚಿಗೆ ಹಾಕಿಸಿ, ಅದರ ಮೇಲೆ ಬ್ರಾಕೆಟ್ ಕೂರಿಸಿ.